ಊಟದ ಗಂಟೆಗೆ ಭಾಷೆ ಇಲ್ಲ, ಅರ್ಜಿಗೆ ಇದೆ

ಶಾಲೆ ತೆರೆದ ಮೊದಲ ವಾರ. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಟಿ.ಸಿ. ಬೇಕಂತೆ. ಹುಡುಗಿ ಐದನೇ ಕ್ಲಾಸು ಮುಗಿಸಿ ಆರಕ್ಕೆ ಬಂದವಳು. ಓದುವುದರಲ್ಲಿ ಚುರುಕು, ಕನ್ನಡ ಕಾಪಿ ಬರೆದರೆ ಅಚ್ಚು ಹಾಕಿದ ಹಾಗಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸ. ಎರಡು ವರ್ಷದಿಂದ ಅಜ್ಜಿಯ ಹತ್ತಿರವೇ ಇದ್ದಳು.

"ಯಾಕಜ್ಜಿ, ಇಲ್ಲಿ ಚೆನ್ನಾಗೇ ಓದ್ತಾ ಇದ್ದಾಳಲ್ಲ, ಯಾಕೆ ಬಿಡಿಸ್ತೀರಿ?" ಅಂದೆ.

"ನಾನೇನ್ ಮಾಡ್ಲಿ ಸಾಮಿ, ನಾಕ್ ತಿಂಗಳಾತು ನನ್ನ ಓ.ಎ.ಪಿ. ದುಡ್ಡು ಬಂದಿಲ್ಲ. ಅಕ್ಕಿ ಸೊಸೈಟೀಲಿ ಕೊಡ್ತಾರೆ, ಸರಿ. ಎಣ್ಣೆ, ಹಾಲು, ಇವಳ ತಲೆಗೆ ಒಂದು ಟೇಪು, ಅದಕ್ಕೆಲ್ಲ ಎಲ್ಲಿಗ್ ಹೋಗ್ಲಿ? ಮಗ ಅಲ್ಲೇ ಕರ್ಕೊಂಡ್ ಬಾ ಅಂದ" ಅಂದರು.

ಓ.ಎ.ಪಿ. ಅಂದರೆ ವೃದ್ಧಾಪ್ಯ ವೇತನ. ನಮ್ಮ ಕಡೆ ತಮಿಳರೂ ಕನ್ನಡಿಗರೂ ತೆಲುಗರೂ ಎಲ್ಲರೂ ಅದನ್ನು ಹಾಗೇ ಕರೆಯುವುದು. ತಮಿಳುನಾಡಿನಲ್ಲಿ ಅದು ತಿಂಗಳಿಗೆ 1200 ರೂಪಾಯಿ ಆದದ್ದು 2023ರಲ್ಲಿ. ಹೆಸರು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆ ಅಂತ ಆ ಅಜ್ಜಿಯ ದುಡ್ಡು ನಿಂತಿತ್ತು. ಯಾವ ಕಚೇರಿ, ಯಾರ ತಪ್ಪು ಅನ್ನುವುದು ಇಲ್ಲಿ ಬೇಡ. ಒಂದು ಪೆನ್ಷನ್ ನಿಂತದ್ದಕ್ಕೆ ಒಂದು ಮಗು ಶಾಲೆ ಬಿಟ್ಟಿತು, ಅಷ್ಟನ್ನು ಮಾತ್ರ ನೆನಪಿಡಿ. ಈ ಬರಹ ಅದರ ಸುತ್ತಲೇ ಇದೆ.

ನನ್ನ ಮನೆ ಇರುವುದು ನಲ್ಲಂಪಳ್ಳಿಯಲ್ಲಿ, ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ ಹೆದ್ದಾರಿಯ ಪಕ್ಕ. ನೌಕರಿ ಗಡಿಯ ಹತ್ತಿರದ ಕನ್ನಡ ಶಾಲೆಯಲ್ಲಿ. ಶನಿವಾರ ಊರಿಗೆ ಬರುತ್ತೇನೆ, ಸೋಮವಾರ ಬೆಳಗಿನ ಜಾವದ ಬಸ್ಸು ಹಿಡಿಯುತ್ತೇನೆ. ಆ ಬಸ್ಸಿನಲ್ಲಿ ನನ್ನ ಜೊತೆ ಬರುವವರಲ್ಲಿ ಅರ್ಧಕ್ಕರ್ಧ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರೇ. ಮಳೆ ನಂಬಿದ ಹೊಲ, ಬತ್ತಿದ ಬಾವಿ. ಇನ್ನೇನು ಮಾಡುತ್ತಾರೆ? ಈ ಜಿಲ್ಲೆಯ ಬಡತನ ನಿಂತಲ್ಲಿ ನಿಲ್ಲುವುದಿಲ್ಲ, ಬಸ್ಸು ಹತ್ತಿ ಗಡಿ ದಾಟಿ ಹೋಗುತ್ತದೆ.

"ಸಾಮಾಜಿಕ ಭದ್ರತೆ" ಅನ್ನುವ ಪದವನ್ನು ನಾವು ಸಮಾಜ ವಿಜ್ಞಾನದ ಪಾಠದಲ್ಲಿ ಕಲಿಸುತ್ತೇವೆ. ಮಕ್ಕಳು ಎರಡು ಅಂಕಕ್ಕೆ ಬರೆಯುತ್ತಾರೆ. ಆದರೆ ಅದು ಏನು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಆ ಅಜ್ಜಿಯ ಮಾತು ಕೇಳಿದ ಮೇಲೆ. ಮುಪ್ಪು ಬಂದಾಗ, ಕಾಯಿಲೆ ಬಂದಾಗ, ಕೆಲಸ ಹೋದಾಗ, ಹೆರಿಗೆಯಾದಾಗ, ಮನೆಯಲ್ಲಿ ದುಡಿಯುವವರು ತೀರಿಕೊಂಡಾಗ ಒಂದು ಮನೆ ಪೂರ್ತಿ ನೆಲಕ್ಕೆ ಬೀಳದ ಹಾಗೆ ಸಮಾಜ ಹಿಡಿದುಕೊಳ್ಳುವ ಕೈ ಅದು. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ ಈ ಮಾತು ಇದೆ. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದ ಸಂದರ್ಭದಲ್ಲಿ ಸಾರ್ವಜನಿಕ ನೆರವು ಸಿಗುವ ಹಾಗೆ ಸರ್ಕಾರ ತನ್ನ ಶಕ್ತಿಯ ಮಿತಿಯೊಳಗೆ ಏರ್ಪಾಡು ಮಾಡಬೇಕು ಅಂತ ಅದು ಹೇಳುತ್ತದೆ.

ಬಡವರು ಅನ್ನುವುದು ಒಂದು ಜಾತಿಯಲ್ಲ, ಹುಟ್ಟಿದಾಗ ಹಣೆಗೆ ಬರೆದು ಕಳಿಸಿದ್ದೂ ಅಲ್ಲ. ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು ರಾಜಸ್ಥಾನ, ಆಂಧ್ರದಿಂದ ಹಿಡಿದು ಕೆನ್ಯಾ, ಪೆರುವಿನವರೆಗೆ ಹಳ್ಳಿಹಳ್ಳಿ ತಿರುಗಿ, ಜನ ಹೇಗೆ ಬಡತನಕ್ಕೆ ಬೀಳುತ್ತಾರೆ, ಹೇಗೆ ಮೇಲೆ ಬರುತ್ತಾರೆ ಅಂತ ಮನೆಮನೆಯ ಕಥೆ ಕೇಳಿ ದಾಖಲಿಸಿದರು. ಅವರ ಪುಸ್ತಕ 2010ರಲ್ಲಿ ಬಂತು. ಬೀಳುವುದಕ್ಕೆ ಎದ್ದು ಕಾಣುವ ಕಾರಣ ಕಾಯಿಲೆ ಮತ್ತು ಅದರ ಖರ್ಚು. ಅಂದರೆ ಇವತ್ತು ಚೆನ್ನಾಗಿರುವ ಮನೆ ಒಂದು ಆಸ್ಪತ್ರೆ ಬಿಲ್ಲಿನಷ್ಟು ದೂರದಲ್ಲಿ ಬಡತನದ ಅಂಚಿನಲ್ಲಿ ನಿಂತಿರುತ್ತದೆ. ನಿಮ್ಮ ಬೀದಿಯಲ್ಲೇ ನೋಡಿ, ಇಂಥ ಎರಡು ಮೂರು ಮನೆ ಸಿಗದಿದ್ದರೆ ಹೇಳಿ.

ಹಾಗಾದರೆ ಬಡತನ ಕಡಿಮೆ ಮಾಡುವುದು ಅಂದರೆ ಬಿದ್ದವರನ್ನು ಎತ್ತುವುದಷ್ಟೇ ಅಲ್ಲ, ಬಾವಿಯ ಸುತ್ತ ಕಟ್ಟೆ ಕಟ್ಟುವುದೂ ಹೌದು. ಕಟ್ಟೆ ಕಟ್ಟುವಾಗ "ಯಾರು ಬೀಳಬಹುದು, ಅವರ ಕಡೆಗೆ ಮಾತ್ರ ಕಟ್ಟೋಣ" ಅಂತ ಯಾರೂ ಅನ್ನುವುದಿಲ್ಲ. ಸುತ್ತಲೂ ಕಟ್ಟುತ್ತಾರೆ.

ಈ ವಿಷಯದಲ್ಲಿ ತಮಿಳುನಾಡಿನಿಂದ ಕಲಿಯುವುದು ಬಹಳ ಇದೆ. ಗಡಿಯಾಚೆ ಇರುವ ಕನ್ನಡಿಗರಾದ ನಾವು ಈ ಸರ್ಕಾರದ ಮೇಲೆ ಬೇಕಾದಷ್ಟು ದೂರು ಹೇಳುತ್ತೇವೆ. ಪಠ್ಯಪುಸ್ತಕ ತಡವಾಯಿತು, ಕನ್ನಡ ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದೆ, 2006ರ ತಮಿಳು ಕಲಿಕೆ ಕಾಯ್ದೆ ನಮ್ಮ ಮಕ್ಕಳ ಮೇಲೆ ಭಾರ ಹೇರಿತು. ಇವೆಲ್ಲ ನಿಜವಾದ ನೋವುಗಳೇ. ಆದರೆ ಒಳ್ಳೆಯದನ್ನು ಒಳ್ಳೆಯದು ಅನ್ನದಿದ್ದರೆ ಮೇಷ್ಟ್ರಾಗಿ ಏನು ಪ್ರಯೋಜನ?

ಮಧ್ಯಾಹ್ನದ ಊಟವನ್ನೇ ತೆಗೆದುಕೊಳ್ಳಿ. ಹೋದ ಶತಮಾನದ ಇಪ್ಪತ್ತರ ದಶಕದಲ್ಲೇ ಮದರಾಸು ಕಾರ್ಪೊರೇಷನ್ ಶಾಲೆಗಳಲ್ಲಿ ಮಕ್ಕಳಿಗೆ ಊಟ ಕೊಡುವ ಪ್ರಯತ್ನ ನಡೆದಿತ್ತು. 1950ರ ದಶಕದಲ್ಲಿ ಕಾಮರಾಜರು ಅದನ್ನು ರಾಜ್ಯದ ಶಾಲೆಗಳಿಗೆ ತಂದರು. 1982ರ ಜುಲೈ 1ರಂದು ಎಂ.ಜಿ.ಆರ್. ಅದನ್ನು ದೊಡ್ಡದಾಗಿ ವಿಸ್ತರಿಸಿದರು. ಆಗ ಎಷ್ಟೋ ಜನ ಓದಿದವರು ನಕ್ಕಿದ್ದರು. ದುಡ್ಡು ಎಲ್ಲಿಂದ ಬರುತ್ತದೆ, ಶಾಲೆ ಹೋಟೆಲ್ ಆಗುತ್ತದೆ ಅನ್ನುವಂಥ ಮಾತುಗಳು. ಆಮೇಲೆ ಏನಾಯಿತು? 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಇಡೀ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಅಂತ ಆದೇಶ ಕೊಟ್ಟಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. ನಕ್ಕವರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಅದು ಇಡೀ ದೇಶದ ಪದ್ಧತಿಯಾಯಿತು.

2022ರ ಸೆಪ್ಟೆಂಬರ್ 15ರಂದು ಮದುರೈಯಲ್ಲಿ ಬೆಳಗಿನ ತಿಂಡಿ ಯೋಜನೆ ಶುರುವಾಗಿ, ಮರುವರ್ಷ ಆಗಸ್ಟ್ 25ಕ್ಕೆ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂತು. ನಮ್ಮ ಮಕ್ಕಳೂ ಉಪ್ಪಿಟ್ಟು, ಪೊಂಗಲ್, ಕಿಚಡಿಗೆ ಬೆಳಗ್ಗೆ ಬೇಗ ಬರತೊಡಗಿದರು. ಪ್ರಾರ್ಥನೆಯ ಹೊತ್ತಿಗೆ ತಲೆ ಸುತ್ತಿ ಬೀಳುವ ಮಗುವನ್ನು ನಾನು ಮೊದಲೆಲ್ಲ ತಿಂಗಳಿಗೆ ಒಂದೆರಡು ಸಲವಾದರೂ ನೋಡುತ್ತಿದ್ದೆ. ತಿಂಡಿ ಶುರುವಾದ ಮೇಲೆ ನೋಡಿದ ನೆನಪಿಲ್ಲ.

ಇದರಲ್ಲಿ ಒಂದು ದೊಡ್ಡ ವಿಶೇಷ ಇದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವನ್ನು "ನೀನು ಯಾವ ಭಾಷೆ? ನಿಮ್ಮಪ್ಪನ ಆದಾಯ ಎಷ್ಟು?" ಅಂತ ಯಾರೂ ಕೇಳುವುದಿಲ್ಲ. ಗಂಟೆ ಹೊಡೆಯಿತು, ಊಟ ಬಂತು, ಅಷ್ಟೇ. ರೇಷನ್ ಅಕ್ಕಿಯೂ ಹಾಗೇ. 1997ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಬಡತನ ರೇಖೆಯ ಮೇಲೆ, ಕೆಳಗೆ ಅಂತ ಕಾರ್ಡುದಾರರನ್ನು ಎರಡಾಗಿ ಒಡೆದಾಗ ತಮಿಳುನಾಡು ಒಪ್ಪಲಿಲ್ಲ, ಅಕ್ಕಿ ಬೇಕು ಅನ್ನುವ ಎಲ್ಲರಿಗೂ ಕೊಡುವ ಪದ್ಧತಿ ಉಳಿಸಿಕೊಂಡಿತು. 2008ರಲ್ಲಿ ಕಿಲೋಗೆ ಒಂದು ರೂಪಾಯಿ, 2011ರ ಜೂನ್‌ನಿಂದ ಉಚಿತ. ಅಜ್ಜಿ ಹೇಳಿದ್ದು ನೆನಪಿದೆಯಲ್ಲ? ಅವರ ಕಾಗದದಲ್ಲಿ ಹೆಸರು ತಪ್ಪಾಗಿ ಪೆನ್ಷನ್ ನಿಂತಾಗಲೂ ಅಕ್ಕಿ ನಿಲ್ಲಲಿಲ್ಲ. ಯಾರು ಅರ್ಹರು ಅಂತ ಆರಿಸುವ ಕೆಲಸವೇ ಅಲ್ಲಿ ಕಡಿಮೆ.

ಫಲಿತಾಂಶ ಏನು ಅಂತ ಕೇಳುವವರಿಗೆ ಒಂದು ಲೆಕ್ಕ. ನೀತಿ ಆಯೋಗ 2023ರಲ್ಲಿ ಕೊಟ್ಟ ಬಹು ಆಯಾಮದ ಬಡತನದ ವರದಿಯಲ್ಲಿ (ಆದಾಯವನ್ನಲ್ಲ, ಆರೋಗ್ಯ, ಶಿಕ್ಷಣ, ಮನೆಯ ಸ್ಥಿತಿಯನ್ನು ಅಳೆಯುವ ಲೆಕ್ಕ ಅದು) ಇಡೀ ದೇಶದ ಪ್ರಮಾಣ ಶೇ. 14.96, ಕರ್ನಾಟಕದ್ದು ಶೇ. 7.58, ತಮಿಳುನಾಡಿನದ್ದು ಶೇ. 2.20. ಇದೆಲ್ಲ ಊಟ, ಅಕ್ಕಿಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಕಾರ್ಖಾನೆ, ರಸ್ತೆ, ಆಸ್ಪತ್ರೆ, ಶಾಲೆ ಎಲ್ಲದರ ಪಾಲೂ ಇದೆ. ಆದರೆ ಹೊಟ್ಟೆ ತುಂಬಿದ ಮಗು ಶಾಲೆಯಲ್ಲಿ ಕೂರದೆ ಆ ಕಾರ್ಖಾನೆಗೆ ಕೆಲಸಗಾರರು ಎಲ್ಲಿಂದ ಬರುತ್ತಿದ್ದರು?

ಈಗ ಇದರ ಇನ್ನೊಂದು ಮುಖಕ್ಕೆ ಬರುತ್ತೇನೆ.

2023ರ ಜುಲೈ 24ರಂದು ನಮ್ಮ ತಾಲ್ಲೂಕಿನ ತೊಪ್ಪೂರಿಗೆ ಆಗಿನ ಮುಖ್ಯಮಂತ್ರಿ ಮು.ಕ. ಸ್ಟಾಲಿನ್ ಬಂದಿದ್ದರು. ಕಲೈಞರ್ ಮಗಳಿರ್ ಉರಿಮೈ ತೊಗೈ, ಅಂದರೆ ಮನೆಯೊಡತಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ಯೋಜನೆಗೆ ಅರ್ಜಿ ತುಂಬಿಸುವ ಶಿಬಿರವನ್ನು ಇಡೀ ರಾಜ್ಯಕ್ಕೆ ಮೊದಲು ಅಲ್ಲಿಂದಲೇ ಶುರು ಮಾಡಿದರು. ಉರಿಮೈ ಅಂದರೆ ತಮಿಳಿನಲ್ಲಿ ಹಕ್ಕು. ಕನ್ನಡದ ಕಿವಿಗೆ ಅದು "ಮೈ ಉರಿ" ಅಂತ ಕೇಳಿಸುತ್ತದೆ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕೆವು. ಹೆಂಗಸರ ಕೈಗೆ ಸಾವಿರ ರೂಪಾಯಿ ಬಂದರೆ ಎಷ್ಟು ಜನರಿಗೆ ಮೈ ಉರಿಯುತ್ತದೆ ಅನ್ನುವುದನ್ನು ನೋಡಿದರೆ ನಮ್ಮ ಅರ್ಥವೂ ತೀರಾ ತಪ್ಪೇನಲ್ಲ!

ದಾನ ಅನ್ನದೆ ಹಕ್ಕು ಅಂದರಲ್ಲ, ಅದು ನನಗೆ ತುಂಬ ಹಿಡಿಸಿತು. ಆದರೆ ಹಕ್ಕಿನ ಜೊತೆ ಷರತ್ತುಗಳ ಪಟ್ಟಿಯೂ ಇತ್ತು. ವಯಸ್ಸು 21 ಆಗಿರಬೇಕು, ಮನೆಯ ವರ್ಷದ ಆದಾಯ ಎರಡೂವರೆ ಲಕ್ಷ ದಾಟಬಾರದು, ನೀರಾವರಿ ಜಮೀನು ಐದು ಎಕರೆ, ಖುಷ್ಕಿ ಹತ್ತು ಎಕರೆ ಮೀರಬಾರದು, ಕರೆಂಟು ವರ್ಷಕ್ಕೆ 3600 ಯೂನಿಟ್ ಮೀರಬಾರದು. ಅರ್ಜಿ ಹಾಕಿದವರು ಸುಮಾರು 1.63 ಕೋಟಿ. ಆ ಸೆಪ್ಟೆಂಬರ್ 15ರಂದು ಯೋಜನೆ ಶುರುವಾದಾಗ ಆಯ್ಕೆಯಾದವರು ಸುಮಾರು 1.06 ಕೋಟಿ. ಬಿಟ್ಟುಹೋದವರ ದೂರು, ಮೇಲ್ಮನವಿಗಳು ನಿಲ್ಲಲಿಲ್ಲ. 2025ರ ಡಿಸೆಂಬರ್‌ನಲ್ಲಿ ಇನ್ನೂ ಹದಿನಾರು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡರು. ಹೊಸದಾಗಿ ಅರ್ಹರಾದವರೂ ಅವರಲ್ಲಿ ಇರಬಹುದು. ಆದರೆ ಮೊದಲೇ ಸಿಗಬೇಕಾಗಿದ್ದು ಎರಡು ವರ್ಷ ಕಾದವರು ಎಷ್ಟು ಜನ? ಆ ಎರಡು ವರ್ಷ ಅವರ ಮನೆಯಲ್ಲಿ ಏನೇನು ನಡೆಯಿತೋ, ಯಾರು ಲೆಕ್ಕ ಇಟ್ಟರು?

ಆರಿಸಿ ಕೊಡುವ ಯೋಜನೆ ಎಲ್ಲೇ ಇದ್ದರೂ ಈ ತೊಂದರೆ ತಪ್ಪಿದ್ದಲ್ಲ. ಅರ್ಜಿ ಓದಲು ಬರುವವರು, ಕಚೇರಿಗೆ ನಾಲ್ಕು ಸಲ ಅಲೆಯಲು ಕೂಲಿ ಬಿಡಬಲ್ಲವರು, ಗುರುತಿನವರು ಇರುವವರು ಮೊದಲು ಒಳಗೆ ಹೋಗುತ್ತಾರೆ. ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಬಾಗಿಲ ಹೊರಗೆ.

ನಮ್ಮ ಗಡಿ ಕನ್ನಡಿಗರಿಗಂತೂ ಇದು ಎರಡು ಪಟ್ಟು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ತ, ದ ಒಂದೇ, ಪ, ಬ ಒಂದೇ. ಗೌರಮ್ಮ ಅನ್ನುವವರು ಒಂದು ಕಾರ್ಡಿನಲ್ಲಿ ಕೌರಮ್ಮಾಳ್ ಆಗುತ್ತಾರೆ, ಅದನ್ನು ಇಂಗ್ಲಿಷಿಗೆ ಇಳಿಸುವಾಗ ಇನ್ನೊಂದು ಅವತಾರ. ಊರಲ್ಲಿ ಎಲ್ಲರಿಗೂ ಅವರು ಒಬ್ಬರೇ, ಕಂಪ್ಯೂಟರಿಗೆ ಮಾತ್ರ ಮೂವರು. ಅರ್ಜಿ ನಮೂನೆ ತಮಿಳಿನಲ್ಲಿ, ಮೊಬೈಲಿಗೆ ಬರುವ ಮೆಸೇಜು ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಕನ್ನಡ ಮಾಧ್ಯಮದಲ್ಲಿ ಓದಿದ ತಾಯಿ "ನಿಮ್ಮ ಅರ್ಜಿ ತಿರಸ್ಕೃತ, 30 ದಿನದಲ್ಲಿ ಮೇಲ್ಮನವಿ ಸಲ್ಲಿಸಿ" ಅಂತ ಬಂದ ಮೆಸೇಜನ್ನು ಯಾರಿಂದ ಓದಿಸಬೇಕು? ನನಗೆ ಒಬ್ಬ ತಾಯಿ ಅಂಥ ಮೆಸೇಜು ತೋರಿಸಿದಾಗ ಅದು ಬಂದು ನಾಲ್ಕು ತಿಂಗಳು ಕಳೆದಿತ್ತು. ಏನೋ ಆಫರ್ ಬಂದಿದೆ ಅಂತ ಅಂದುಕೊಂಡಿದ್ದರಂತೆ.

ಇನ್ನು ಶಾಲೆಗೆ ನೇರವಾಗಿ ಸಂಬಂಧಪಟ್ಟ ವಿಷಯ. 2022ರ ಸೆಪ್ಟೆಂಬರ್ 5ರಂದು ಪುದುಮೈ ಪೆಣ್ ಯೋಜನೆ ಬಂತು. ಮೊದಲು ಬಡ ಹೆಣ್ಣುಮಕ್ಕಳ ಮದುವೆಗೆ ದುಡ್ಡು, ಚಿನ್ನ ಕೊಡುತ್ತಿದ್ದ ಯೋಜನೆಯನ್ನು ತಿರುಗಿಸಿ, ಕಾಲೇಜು ಓದುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ಹಾಗೆ ಮಾಡಿದರು. ಮದುವೆಯಿಂದ ಕಾಲೇಜಿಗೆ! ಇಂಥ ಒಳ್ಳೆಯ ಬುದ್ಧಿ ಸರ್ಕಾರಗಳಿಗೆ ಅಪರೂಪಕ್ಕೆ ಬರುತ್ತದೆ. ಷರತ್ತು ಏನೆಂದರೆ 6ರಿಂದ 12ನೇ ತರಗತಿವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿರಬೇಕು. 2024ರಲ್ಲಿ ಗಂಡುಮಕ್ಕಳಿಗೆ ತಮಿಳ್ ಪುದಲ್ವನ್ ಬಂತು, ಅನುದಾನಿತ ಶಾಲೆಗಳಿಗೂ ಸೌಲಭ್ಯ ಸಿಕ್ಕಿತು. ಆದರೆ ಅನುದಾನಿತ ಶಾಲೆಯ ಮಟ್ಟಿಗೆ "ತಮಿಳು ಮಾಧ್ಯಮದಲ್ಲಿ ಓದಿದವರು" ಅನ್ನುವ ಮಾತು ಸೇರಿತು. ಆ ಮಾತನ್ನು ಇದ್ದ ಹಾಗೆ ಓದಿದರೆ ಅನುದಾನಿತ ಶಾಲೆಯ ಕನ್ನಡ ಮಾಧ್ಯಮದ ಮಗು ಹೊರಗೆ. ಅದೇ ಬಡತನ, ಅದೇ ತಾಲ್ಲೂಕು, ಅದೇ ರೇಷನ್ ಅಂಗಡಿ. ಬೇರೆಯಾದದ್ದು ಪಾಠದ ಭಾಷೆ ಮಾತ್ರ. ತಮಿಳಿನಲ್ಲಿ ಓದುವುದನ್ನು ಪ್ರೋತ್ಸಾಹಿಸುವುದಕ್ಕೆ ಸರ್ಕಾರಕ್ಕೆ ಹಕ್ಕಿದೆ, ಅದಕ್ಕೆ ಬೇರೆ ಬಹುಮಾನ ಇಡಲಿ. ಬಡ ಮಗುವನ್ನು ಕಾಲೇಜಿಗೆ ಕಳಿಸುವ ನೆರವಿಗೆ ಭಾಷೆಯ ಬೀಗ ಯಾಕೆ?

ಈಗ ಆ ಅಜ್ಜಿಯ ಮೊಮ್ಮಗಳನ್ನು ನೆನಪಿಸಿಕೊಳ್ಳಿ. ಅವಳು ಆರನೇ ಕ್ಲಾಸಿಗೆ ಬೆಂಗಳೂರಿಗೆ ಹೋದಳು. ಅಲ್ಲಿ ಎರಡೋ ಮೂರೋ ವರ್ಷ ಇದ್ದು ವಾಪಸು ಬಂದರೂ ಆ "6ರಿಂದ 12" ಅನ್ನುವ ಲೆಕ್ಕ ತಪ್ಪುತ್ತದೆ. ಮೂರು ವರ್ಷದ ಡಿಗ್ರಿಗೆ ಸಿಗಬಹುದಾಗಿದ್ದ 36 ಸಾವಿರ ಹೋಯಿತು. ಅಜ್ಜಿಯ ನಾಲ್ಕು ತಿಂಗಳ ಪೆನ್ಷನ್ ಎಷ್ಟು? 4800 ರೂಪಾಯಿ. ಆ 4800 ಸರಿಯಾದ ಹೊತ್ತಿಗೆ ಬರದೆ ಇದ್ದದ್ದರಿಂದ ಹುಡುಗಿಯ ಮುಂದಿನ ಹತ್ತು ವರ್ಷದ ದಾರಿಯೇ ತಿರುಗಿತು. ಯೋಜನೆಗಳನ್ನು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಫೈಲಿನಲ್ಲಿ ಇಡುತ್ತವೆ. ಮನೆಯಲ್ಲಿ ಮಾತ್ರ ಅವೆಲ್ಲ ಒಂದೇ ಹಗ್ಗದ ಎಳೆಗಳು. ಒಂದು ಎಳೆ ಕಡಿದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ.

ಗಡಿ ದಾಟಿದ ಆ ಅಪ್ಪ ಅಮ್ಮನಿಗಾದರೂ ಅಲ್ಲಿ ಏನಾದರೂ ಸಿಗುತ್ತದೆಯೇ? 2021ರ ಮೇ ತಿಂಗಳಿಂದ ತಮಿಳುನಾಡಿನ ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಬೇಕಾಗಲಿಲ್ಲ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂತು, ಆದರೆ ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ. ನಲ್ಲಂಪಳ್ಳಿಯ ಆಧಾರ್ ಹಿಡಿದು ಬೆಂಗಳೂರಲ್ಲಿ ಇಟ್ಟಿಗೆ ಹೊರುವ ಹೆಂಗಸು, ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಿದರೂ, ಟಿಕೆಟ್ ತೆಗೆದುಕೊಳ್ಳಬೇಕು. ರೇಷನ್ ಕಾರ್ಡಿಗೆ "ಒಂದು ದೇಶ ಒಂದು ಕಾರ್ಡು" ಅನ್ನುವ ಏರ್ಪಾಡಿಗೆ ತಮಿಳುನಾಡು 2020ರ ಅಕ್ಟೋಬರ್‌ನಲ್ಲಿ ಸೇರಿತು. ಅದು ಒಳ್ಳೆಯದೇ. ಆದರೆ ಅದರಲ್ಲಿ ಸಿಗುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ. ತವರು ರಾಜ್ಯ ತಾನಾಗಿ ಎಲ್ಲರಿಗೂ ಕೊಡುವ ಅಕ್ಕಿ ಗಡಿ ದಾಟುವುದಿಲ್ಲ. ಮನುಷ್ಯ ದಾಟುತ್ತಾನೆ, ಹಸಿವು ದಾಟುತ್ತದೆ, ಹಕ್ಕು ಮಾತ್ರ ಹೊಸೂರಿನ ಚೆಕ್‌ಪೋಸ್ಟಿನಲ್ಲಿ ಇಳಿದುಬಿಡುತ್ತದೆ.

"ಮೇಷ್ಟ್ರೇ, ಹೀಗೆ ಬಿಟ್ಟಿ ಕೊಡುತ್ತಾ ಹೋದರೆ ಜನ ಸೋಮಾರಿಗಳಾಗೋದಿಲ್ವಾ?" ಅಂತ ನನ್ನ ಸಹೋದ್ಯೋಗಿಯೊಬ್ಬರು ಯಾವಾಗಲೂ ಕೇಳುತ್ತಾರೆ. ಒಳ್ಳೆಯ ಮನುಷ್ಯ, ಬಡ ಮಕ್ಕಳಿಗೆ ಸ್ವಂತ ದುಡ್ಡಿನಲ್ಲಿ ನೋಟ್‌ಬುಕ್ ತಂದುಕೊಡುವವರು. ಆದ್ದರಿಂದ ಅವರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಜೊತೆಗಾರರು ಮೆಕ್ಸಿಕೊ, ಹೊಂಡುರಾಸ್, ಇಂಡೋನೇಷ್ಯಾ, ಫಿಲಿಪೀನ್ಸ್ ಮುಂತಾದ ಆರು ದೇಶಗಳ ಏಳು ನಗದು ನೆರವಿನ ಯೋಜನೆಗಳ ಲೆಕ್ಕ ತೆಗೆದರು. ದುಡ್ಡು ಸಿಕ್ಕಿತು ಅಂತ ಜನ ದುಡಿಯುವುದನ್ನು ಕಡಿಮೆ ಮಾಡಿದ್ದಕ್ಕೆ ಸರಿಯಾದ ಪುರಾವೆ ಯಾವುದೂ ಸಿಗಲಿಲ್ಲ. ಅಷ್ಟು ದೂರ ಯಾಕೆ? ಮಗಳ ಫೀಸಿಗೆ ಅಂತ ಸಾವಿರ ರೂಪಾಯಿ ಬಂದ ಮಾತ್ರಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಒಬ್ಬ ಹೆಂಗಸನ್ನಾದರೂ ನಿಮ್ಮ ಊರಲ್ಲಿ ತೋರಿಸಿ ನೋಡೋಣ.

ಬ್ರೆಜಿಲ್ ದೇಶದ ಕಥೆಯನ್ನೂ ಹೇಳಬೇಕು. 2003ರಲ್ಲಿ ಅಲ್ಲಿ ಚಿಲ್ಲರೆ ಚಿಲ್ಲರೆಯಾಗಿದ್ದ ನೆರವುಗಳನ್ನು ಒಂದು ಮಾಡಿ ಬೋಲ್ಸಾ ಫಮೀಲಿಯಾ ಅನ್ನುವ ಯೋಜನೆ ತಂದರು. ದುಡ್ಡು ಹೆಚ್ಚಾಗಿ ತಾಯಿಯ ಕೈಗೆ, ಮಗು ಶಾಲೆಗೆ ಹೋಗುತ್ತಿರಬೇಕು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ಭೂಪಟದಿಂದ ಬ್ರೆಜಿಲ್ ಹೊರಬಂತು. ಆಮೇಲೆ ಕಾರ್ಯಕ್ರಮಗಳು ಸಡಿಲಾಗಿ, ಆರ್ಥಿಕ ಕುಸಿತ, ಕೋವಿಡ್ ಎಲ್ಲ ಸೇರಿ ಮತ್ತೆ ಆ ಭೂಪಟದೊಳಗೆ ಹೋಯಿತು. ಮತ್ತೆ ಗಟ್ಟಿ ಮಾಡಿದ ಮೇಲೆ 2025ರಲ್ಲಿ ಮತ್ತೆ ಹೊರಬಂತು. ಕಟ್ಟೆ ಒಂದು ಸಲ ಕಟ್ಟಿದರೆ ಮುಗಿಯಲಿಲ್ಲ, ಬಿರುಕು ಬಿಟ್ಟ ಕಡೆ ಮೆತ್ತುತ್ತಾ ಇರಬೇಕು.

ಜಗತ್ತಿನ ಒಟ್ಟು ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪ್ರಕಾರ 2023ರಲ್ಲಿ ಒಂದಾದರೂ ಸಾಮಾಜಿಕ ಭದ್ರತೆ ಇರುವವರು ಜಗತ್ತಿನ ಜನರಲ್ಲಿ ಶೇ. 52.4. ಅರ್ಧ ದಾಟಿದ್ದೇ ಆಗ ಮೊದಲ ಸಲ. ಉಳಿದ 380 ಕೋಟಿ ಜನರಿಗೆ ಏನೂ ಇಲ್ಲ. ತೀರಾ ಬಡ ದೇಶಗಳಲ್ಲಂತೂ ಹತ್ತು ಜನರಲ್ಲಿ ಒಬ್ಬರಿಗೂ ಇಲ್ಲ. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ. ನಮ್ಮ ತಾಲ್ಲೂಕಿನ ಕಥೆಯೇ ಜಗತ್ತಿನ ಕಥೆ.

ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಒಂದು ಕಹಿ ಲೆಕ್ಕ ಇದೆ. ಮಹಿಳೆಯರ ಆ ಯೋಜನೆ ಶುರುವಾದಾಗ ಇದ್ದ 1.06 ಕೋಟಿ ಜನರಿಗೆ ವರ್ಷಕ್ಕೆ 12 ಸಾವಿರದ ಹಾಗೆ ಗುಣಿಸಿದರೆ ಸುಮಾರು 12,700 ಕೋಟಿ. ಸರ್ಕಾರಿ ಸಾರಾಯಿ ಅಂಗಡಿಗಳಿಂದ, ಅಂದರೆ ಟಾಸ್ಮಾಕ್‌ನಿಂದ, 2023-24ರಲ್ಲಿ ರಾಜ್ಯಕ್ಕೆ ಬಂದದ್ದು 45 ಸಾವಿರ ಕೋಟಿಗೂ ಹೆಚ್ಚು. ತಾಯಿಯ ಕೈಗೆ ಒಂದು ಕೊಟ್ಟು, ತಂದೆಯ ಜೇಬಿನಿಂದ ಮೂರಕ್ಕಿಂತ ಹೆಚ್ಚು ತೆಗೆದುಕೊಂಡ ಹಾಗೆ. ಬಡವರಿಗೆ ಬಿಟ್ಟಿ ಕೊಡುತ್ತೇವೆ ಅನ್ನುವವರು ಈ ಲೆಕ್ಕವನ್ನೂ ಒಮ್ಮೆ ಹಾಕಲಿ. ಇನ್ನು ಕೇಂದ್ರದ ವಿಷಯಕ್ಕೆ ಬಂದರೆ, 60ರಿಂದ 79 ವರ್ಷದ ಬಡ ವೃದ್ಧರಿಗೆ ಅದು ಕೊಡುವ ಪಾಲು ಸುಮಾರು ಎರಡು ದಶಕದ ಹಿಂದೆ 200 ರೂಪಾಯಿಗೆ ನಿಂತದ್ದು ವರ್ಷಗಟ್ಟಲೆ ಮೇಲೇಳಲಿಲ್ಲ. ಅಷ್ಟರಲ್ಲಿ ನನ್ನ ಸಂಬಳ ಎಷ್ಟು ಸಲ ಪರಿಷ್ಕರಣೆಯಾಯಿತು ಅಂತ ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಇದರಿಂದಲೇ ಎಲ್ಲ ಬಡತನ ಹೋಗುತ್ತದೆ ಅಂತಲೂ ನಾನು ನಂಬುವುದಿಲ್ಲ. ಈ ಜಿಲ್ಲೆಗೆ ನೀರು ಬೇಕು, ಊರಲ್ಲೇ ಕೆಲಸ ಬೇಕು, ನ್ಯಾಯವಾದ ಕೂಲಿ ಬೇಕು. ಸಾವಿರ ರೂಪಾಯಿ ಕೂಲಿಗೆ ಬದಲಿಯಲ್ಲ. ಆದರೆ ಕೂಲಿ ಸಿಗದ ದಿನ, ಜ್ವರ ಬಂದ ವಾರ, ಮಳೆ ಬಾರದ ವರ್ಷ ಮಗುವನ್ನು ಶಾಲೆಯಲ್ಲೇ ಉಳಿಸುವಷ್ಟು ಶಕ್ತಿ ಅದಕ್ಕಿದೆ. ಒಂದು ತಲೆಮಾರು ಶಾಲೆಯಲ್ಲಿ ಉಳಿದರೆ ಮುಂದಿನ ತಲೆಮಾರು ಆ ಸೋಮವಾರದ ಬಸ್ಸಿಗೆ ಇಟ್ಟಿಗೆ ಹೊರಲು ಹತ್ತುವುದಿಲ್ಲ. ಬಡತನ ಕಡಿಮೆಯಾಗುವುದು ಹೀಗೇ.

ಸರ್ಕಾರ ಮಾಡಬೇಕಾದದ್ದು ಸ್ಪಷ್ಟ. ಊಟ, ಅಕ್ಕಿಯ ಹಾಗೆ ಮುದುಕರ ಪೆನ್ಷನ್ ಕೂಡ ಆದಷ್ಟು ಎಲ್ಲರಿಗೂ ಇರಲಿ, ಇರುವವರನ್ನು ಆಮೇಲೆ ಬೇಕಾದರೆ ಹೊರಗಿಡಿ. ಅನುಮಾನ ಬಂದರೆ ಮೊದಲು ವಿಚಾರಿಸಿ, ಆಮೇಲೆ ನಿಲ್ಲಿಸಿ, ನಿಲ್ಲಿಸಿ ವಿಚಾರಿಸಬೇಡಿ. ಭಾಷಾ ಅಲ್ಪಸಂಖ್ಯಾತರು ಇರುವ ತಾಲ್ಲೂಕುಗಳಲ್ಲಿ ಅರ್ಜಿ, ಮೆಸೇಜು ಅವರ ಭಾಷೆಯಲ್ಲೂ ಇರಲಿ. ಎರಡು ರಾಜ್ಯಗಳ ನಡುವೆ ಓಡಾಡುವ ಮನೆಗಳ ಮಕ್ಕಳಿಗೆ ಪಕ್ಕದ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಓದಿದ ವರ್ಷವನ್ನೂ ಲೆಕ್ಕಕ್ಕೆ ಹಿಡಿಯಲಿ. ಇದನ್ನೆಲ್ಲ ಮಾಡಿಸುವುದಕ್ಕೆ ನಮ್ಮ ಸಂಘಗಳು ಮನವಿ ಕೊಡಬೇಕು. ಕನ್ನಡ ಉಳಿಸಿ ಅನ್ನುವ ಮನವಿಯ ಜೊತೆಗೇ ಕೊಡಬೇಕು. ಕನ್ನಡ ಮಾತಾಡುವ ಮನೆಗಳೇ ಊರು ಬಿಟ್ಟರೆ ಕನ್ನಡ ಶಾಲೆ ಯಾರಿಗಾಗಿ?

ಅದಾಗುವವರೆಗೆ ನಾವು, ಅಂದರೆ ಹೊಸೂರು, ಥಳಿ, ತಾಳವಾಡಿ ಕಡೆಯ ಕನ್ನಡ ಮೇಷ್ಟ್ರು, ಟೀಚರುಗಳು, ಏನು ಮಾಡಬಹುದು? ನಮ್ಮ ಶಾಲೆಯಲ್ಲಿ ಈಗ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ಮೇಜು ಹಾಕುತ್ತೇವೆ. ಯಾರ ಪೆನ್ಷನ್ ನಿಂತಿದೆ, ಯಾರಿಗೆ ಮೆಸೇಜು ಬಂದಿದೆ, ಯಾರ ಹೆಸರು ಎರಡು ಥರ ಇದೆ ಅಂತ ಕೇಳಿ ಬರೆದುಕೊಳ್ಳುತ್ತೇವೆ. ಎಂಟನೇ ಕ್ಲಾಸಿನ ಮಕ್ಕಳೇ ತಮಿಳು ಓದಿ ಅಜ್ಜಿಯರಿಗೆ ಕನ್ನಡದಲ್ಲಿ ಹೇಳುತ್ತಾರೆ. ಇ-ಸೇವೆ ಕೇಂದ್ರಕ್ಕೆ ಹೋಗುವಾಗ ಯಾವ ಯಾವ ಕಾಗದ ಬೇಕು ಅಂತ ಚೀಟಿ ಬರೆದು ಕೊಡುತ್ತೇವೆ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವಾಗಲೇ ಆಧಾರ್, ರೇಷನ್ ಕಾರ್ಡು, ಜನನ ಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ನೋಡುತ್ತೇವೆ. ಆರನೇ ಕ್ಲಾಸಿನ ಪೋಷಕರಿಗೆ ಆ "6ರಿಂದ 12" ವಿಷಯ ತಪ್ಪದೆ ಹೇಳುತ್ತೇವೆ. ಇದು ಮೇಷ್ಟ್ರ ಕೆಲಸವೇ ಅಂತ ಕೇಳಬಹುದು. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಗೀಟು ಎಳೆಯಬೇಕಾಗಿ ಬಂದ ಮೇಲೆ ನನಗೆ ಆ ಅನುಮಾನ ಉಳಿದಿಲ್ಲ.

ಅಜ್ಜಿಯ ಪೆನ್ಷನ್ ಆಮೇಲೆ ಬಂತು. ನಿಂತ ಒಂಬತ್ತು ತಿಂಗಳಿಗೆ, ಮೂರು ಅರ್ಜಿ ಕೊಟ್ಟ ಮೇಲೆ. ಮೊನ್ನೆ ಸಿಕ್ಕಾಗ, "ಬಂತು ಸಾಮಿ, ನಿಮ್ ಪುಣ್ಯ" ಅಂದರು. ಹುಡುಗಿ ಹೇಗಿದ್ದಾಳೆ ಅಂತ ಕೇಳಿದೆ. "ಅಲ್ಲೇ ಕನ್ನಡ ಸ್ಕೂಲಿಗೆ ಹಾಕವ್ರಂತೆ" ಅಂದರು. ಹೋಗುತ್ತಿದ್ದಾಳೆ ಅಂತಲೇ ನಂಬಿದ್ದೇನೆ. ಅವಳ ಕಾಪಿ ಪುಸ್ತಕ ಇನ್ನೂ ನಮ್ಮ ಬೀರುವಿನಲ್ಲಿದೆ.

ನಿಮ್ಮ ಶಾಲೆಯಲ್ಲೂ ಇಂಥ ಮಕ್ಕಳು ಇದ್ದೇ ಇರುತ್ತಾರೆ. ಈ ಶನಿವಾರ ಒಂದು ಮೇಜು ಹಾಕಿ ನೋಡಿ. ಏನಂತೀರಿ?